ಗಣಿಯ ಆಮ್ಲ ನೀರಿಗೆ ಬ್ಯಾಕ್ಟೀರಿಯಾ ಮದ್ದು

ಅಮೆರಿಕದ ಕ್ಯಾಲಿಫೋರ್ನಿಯಾದ ಬೆಟ್ಟಸಾಲಿನಲ್ಲಿ ಲೆವಯಥನ್ ಎಂಬ ಗಂಧಕದ ಗಣಿ ಇದೆ. ಅಲ್ಲಿ ಅಗೆತ ನಿಂತಿದ್ದು 1962ರಲ್ಲಿ. ಆಮ್ಲದ ನೀರು ಮಾತ್ರ ಇನ್ನೂ ಜಿನುಗುತ್ತಲೇ ಇದೆ. ಕಬ್ಬಿಣ, ಅಲ್ಯೂಮಿನಿಯಂ, ತಾಮ್ರ, ನಿಕಲ್, ಸತು ಎಲ್ಲವೂ ಅದರಲ್ಲಿ ಕರಗಿವೆ. ಅಲ್ಲಿನ ಒಂದು ಒರತೆಯ ನೀರನ್ನು 1990ರ ದಶಕದಿಂದ ಬ್ಯಾಕ್ಟೀರಿಯಾಗಳ ಕೈಲಿ ಶುದ್ಧ ಮಾಡಿಸುತ್ತಿದ್ದಾರೆ.

ಬ್ಯಾಕ್ಟೀರಿಯಾ ಲೋಹ ತಿನ್ನುತ್ತದೆ ಅಂತ ಎಷ್ಟೋ ಜನ ಅಂದುಕೊಂಡಿದ್ದಾರೆ. ಈ ಜಾತಿ ತಿನ್ನುವುದಿಲ್ಲ. ನಾವು ಉಸಿರಾಡಲು ಆಮ್ಲಜನಕ ಬಳಸಿದರೆ ಇವು ನೀರಿನಲ್ಲಿರುವ ಸಲ್ಫೇಟ್ (ಗಂಧಕ, ಆಮ್ಲಜನಕ ಸೇರಿದ ಲವಣ) ಬಳಸುತ್ತವೆ, ಕೊಳೆತ ಮೊಟ್ಟೆ ವಾಸನೆಯ ಹೈಡ್ರೋಜನ್ ಸಲ್ಫೈಡ್ ಬಿಡುತ್ತವೆ. ಅದು ತಾಮ್ರ, ನಿಕಲ್, ಸತುವಿನಂಥ ಲೋಹದ ಜೊತೆ ಸೇರಿದರೆ ಕರಗದ ಸಲ್ಫೈಡ್ ಆಗಿ ತಳಕ್ಕೆ ಕೂರುತ್ತದೆ.

ಇಂಥ ಏರ್ಪಾಡು ಮಾಡುವುದಾದರೆ ಮೊದಲು ನೀರು ಪರೀಕ್ಷಿಸಿ. ಪಿಎಚ್ (ಆಮ್ಲದ ಅಳತೆ, ಇದು ಕಮ್ಮಿ ಇದ್ದಷ್ಟೂ ಆಮ್ಲ ಜಾಸ್ತಿ), ಸಲ್ಫೇಟ್, ಒಂದೊಂದು ಲೋಹದ ಪ್ರಮಾಣ, ಮಳೆಗಾಲ ಮತ್ತು ಬೇಸಿಗೆಯ ಹರಿವು, ಇಷ್ಟೂ ಬೇಕು. ಸಂಡೂರಿನ ಕಡೆಯ ಕೆಂಪು ನೀರಿಗೆ ಈ ವಿಧಾನ ಬೇಡ. ಅದು ಕಬ್ಬಿಣದ ಅದಿರಿನ ಹೂಳು, ತಂಗಿಸಿದರೆ ಸಾಕು. ಬ್ಯಾಕ್ಟೀರಿಯಾ ವಿಧಾನ ಕರಗಿದ ಲೋಹಕ್ಕೆ ಮಾತ್ರ.

ಆಮೇಲೆ ಆಮ್ಲ ತಗ್ಗಿಸಿ. ಪಿಎಚ್ 3ರ ನೀರಿನಲ್ಲಿ ಈ ಬ್ಯಾಕ್ಟೀರಿಯಾಗಳು ಸೊರಗುತ್ತವೆ. ಲೆವಯಥನ್‌ನಲ್ಲಿ ಸ್ವಲ್ಪ ಕಾಸ್ಟಿಕ್ ಸೋಡಾ ಬೆರೆಸುತ್ತಾರೆ. ಸುಣ್ಣದ ಕಲ್ಲು ಅಗ್ಗ ನಿಜ, ಆದರೆ ಕಬ್ಬಿಣ ಜಾಸ್ತಿ ಇದ್ದರೆ ಕಲ್ಲಿನ ಮೇಲೆ ತುಕ್ಕಿನ ಪದರ ಕೂತು ಕೆಲಸವೇ ನಿಂತುಹೋಗುತ್ತದೆ.

ಈಗ ಬ್ಯಾಕ್ಟೀರಿಯಾ ಕೆಲಸ ಮಾಡುವ ತೊಟ್ಟಿ. ಗೋಬರ್ ಗ್ಯಾಸ್ ಗುಂಡಿಯಂತೆ ಇಲ್ಲೂ ಗಾಳಿ ಒಳಗೆ ಆಡಬಾರದು. ಸಾಮಾನ್ಯವಾಗಿ ಮರದ ಚೂರು, ಗೊಬ್ಬರ ತುಂಬುತ್ತಾರೆ. ಅದೇ ಬ್ಯಾಕ್ಟೀರಿಯಾಗಳಿಗೆ ಊಟವೂ ಆಗುತ್ತದೆ. ಖರ್ಚು ಕಮ್ಮಿ, ಆದರೆ ಊಟ ಮುಗಿಯುತ್ತಾ ಬರುತ್ತದೆ, ಕೆಸರು ಕಟ್ಟಿಕೊಂಡು ನೀರಿಗೆ ದಾರಿ ಇರುವುದಿಲ್ಲ. ಲೆವಯಥನ್‌ನವರು ಕೊನೆಗೆ ಬರೀ ದಪ್ಪ ಹೊಳೆಗಲ್ಲು ತುಂಬಿ, ಊಟಕ್ಕೆ ಎಥನಾಲ್ ಹನಿಸುವ ದಾರಿ ಹಿಡಿದರು. ಕಲ್ಲುಗಳ ಸಂದಿನಿಂದ ಕೆಸರನ್ನು ತೊಳೆದು ಹೊರಗೆ ಹಾಕಬಹುದು. ನನಗೆ ಇದೇ ಜಾಣತನ ಅನ್ನಿಸುತ್ತದೆ. ಆದರೆ ಎಥನಾಲ್ ನಿಂತರೆ ಕೆಲಸವೂ ನಿಂತಂತೆ, ನೋಡಿಕೊಳ್ಳಲು ಜನ ಬೇಕೇ ಬೇಕು.

ಬಿತ್ತನೆಗೆ ಸಗಣಿ ಅಥವಾ ಕೆರೆಯ ತಳದ ಕಪ್ಪು ಕೆಸರು ಸಾಕು, ಬ್ಯಾಕ್ಟೀರಿಯಾ ಅದರಲ್ಲೇ ಇರುತ್ತದೆ. ಕೆಲವು ವಾರ ನೀರನ್ನು ನಿಧಾನಕ್ಕೆ ಬಿಡಿ, ಅವಸರ ಬೇಡ. ಪಿಎಚ್ ಏರಿ ಸಲ್ಫೇಟ್ ಇಳಿಯತೊಡಗಿದರೆ ಅವು ನೆಲೆಯೂರಿವೆ ಎಂದರ್ಥ. ವಾಸನೆಯನ್ನು ನಂಬಿ ಕೂರಬೇಡಿ. ಹೈಡ್ರೋಜನ್ ಸಲ್ಫೈಡ್ ಜಾಸ್ತಿಯಾದಾಗ ಮೂಗಿಗೆ ಗೊತ್ತೇ ಆಗುವುದಿಲ್ಲ, ಜೀವ ಹೋಗುತ್ತದೆ. ಅನಿಲ ಅಳೆಯುವ ಮೀಟರ್ ಇಲ್ಲದೆ ಮುಚ್ಚಿದ ತೊಟ್ಟಿಯ ಹತ್ತಿರ ಯಾರೂ ಬಗ್ಗಬಾರದು.

ಹೊರಬಂದ ನೀರನ್ನು ಹೊಂಡದಲ್ಲಿ ತಂಗಿಸಿ, ಕಲ್ಲು ಹಾಸಿದ ಕಾಲುವೆಯಲ್ಲಿ ಹರಿಸಿ. ಉಳಿದ ಅನಿಲ ಹೋಗಿ ನೀರಿಗೆ ಆಮ್ಲಜನಕ ಸೇರುತ್ತದೆ. ಮ್ಯಾಂಗನೀಸ್ ಮಾತ್ರ ಸುಲಭಕ್ಕೆ ಬಗ್ಗುವುದಿಲ್ಲ, ಅದಕ್ಕೆ ಬೇರೆ ಏರ್ಪಾಡು ಬೇಕಾಗುತ್ತದೆ.

ಇನ್ನು ಕೆಸರು. ಲೋಹ ಎಲ್ಲೂ ಮಾಯವಾಗಿಲ್ಲ, ನೀರಿನಿಂದ ಇಲ್ಲಿಗೆ ಬಂದಿದೆ ಅಷ್ಟೇ. ಇದನ್ನು ಗಾಳಿಗೆ ಒಣಗಲು ಬಿಟ್ಟರೆ ಸಲ್ಫೈಡ್ ಮತ್ತೆ ಆಮ್ಲವಾಗಿ ಲೋಹವನ್ನು ಬಿಟ್ಟುಕೊಡುತ್ತದೆ. ಪ್ರಯೋಗಾಲಯದಲ್ಲಿ ಪರೀಕ್ಷೆ ಮಾಡಿಸಿ, ಅಪಾಯಕಾರಿ ಎಂದು ಬಂದರೆ ಅಂಥ ತ್ಯಾಜ್ಯಕ್ಕೆಂದೇ ಇರುವ ಜಾಗಕ್ಕೆ ಕಳಿಸಬೇಕು. ಗೊಬ್ಬರ ಅಂತ ಹೊಲಕ್ಕಂತೂ ಹಾಕುವಂತಿಲ್ಲ.