ಬೆಳಿಗ್ಗೆ ಎದ್ದಾಗ ಕೈ ಹೇಗಿರುತ್ತೆ?

ಶಿರಸಿಯಲ್ಲಿ ಕ್ಲಿನಿಕ್ ಇಟ್ಟುಕೊಂಡವರಿಗೆ ಅಡಿಕೆ ಸುಗ್ಗಿಯಲ್ಲಿ ಕೈನೋವಿನವರಿಗೆ ಬರವಿಲ್ಲ. ರಾತ್ರಿ ಹನ್ನೊಂದರವರೆಗೆ ಮೆಟ್ಟುಗತ್ತಿ ಮುಂದೆ ಕೂತು ಸುಲಿದರೆ ಯಾರ ಕೈ ತಾನೇ ನೋಯುವುದಿಲ್ಲ? ಆ 27 ವರ್ಷದ ಹೆಣ್ಣುಮಗಳು ಬಂದಾಗಲೂ ಹಾಗೇ ಅಂದುಕೊಂಡೆ. ತಿಂಗಳ ಹಿಂದೆ ಜ್ವರವೂ ಬಂದಿತ್ತಂತೆ. ಚಿಕುನ್‌ಗುನ್ಯಾ ಆದಮೇಲೆ ಕೀಲುನೋವು ತಿಂಗಳುಗಟ್ಟಲೆ ಎಳೆಯುತ್ತದೆ, 2006ರಲ್ಲಿ ಕರ್ನಾಟಕದ ತುಂಬ ನೋಡಿದ್ದೇವಲ್ಲ. ಆರ್‌ಎ ಟೆಸ್ಟ್, ಅಂದರೆ ಕೀಲುವಾತದ ಸುಳಿವು ಹುಡುಕುವ ರಕ್ತ ಪರೀಕ್ಷೆ, ಮಾಡಿಸಿದೆ, ನೆಗೆಟಿವ್ ಬಂತು. ನೋವಿನ ಮಾತ್ರೆ ಬರೆದು ಕಳಿಸಿದೆ.

ಎರಡು ತಿಂಗಳಿಗೆ ವಾಪಸ್ ಬಂದರು. ಸುಲಿಯುವ ಕೆಲಸ ಮುಗಿದಿತ್ತು, ನೋವು ಮುಗಿದಿರಲಿಲ್ಲ. ಮೊದಲ ದಿನವೇ ಕೇಳಬೇಕಿದ್ದನ್ನು ಆಗ ಕೇಳಿದೆ.

‘ಬೆಳಿಗ್ಗೆ ಎದ್ದಾಗ ಕೈ ಹೇಗಿರುತ್ತಮ್ಮಾ?’

‘ಮರಗಟ್ಟಿದ ಹಾಗೆ ಡಾಕ್ಟ್ರೇ. ಮುಷ್ಟಿ ಕಟ್ಟೋಕೇ ಆಗಲ್ಲ. ದೋಸೆ ಎರೆಯೋದೂ ಅತ್ತೇನೇ. ಒಂಬತ್ತು ಗಂಟೆ ಮೇಲೆ ಸ್ವಲ್ಪ ಸಡಿಲ.’

ದುಡಿಮೆಯ ನೋವು ಸಂಜೆಗೆ ಏರುತ್ತದೆ, ಮಲಗಿದರೆ ಇಳಿಯುತ್ತದೆ. ಇವರದ್ದು ಉಲ್ಟಾ. ಬೆರಳ ಬುಡದ ಗೆಣ್ಣುಗಳನ್ನು ಎರಡೂ ಪಕ್ಕದಿಂದ ಮೆಲ್ಲಗೆ ಒತ್ತಿದೆ. ಹಲ್ಲು ಕಚ್ಚಿದರು. ಎರಡೂ ಕೈಯಲ್ಲಿ ಒಂದೇ ಥರ. ಗೆಣ್ಣುಗಳ ನಡುವಿನ ತಗ್ಗು ಊತಕ್ಕೆ ಮುಚ್ಚಿಹೋಗಿತ್ತು. ರುಮಟಾಯ್ಡ್ ಆರ್ಥ್ರೈಟಿಸ್. ಮೈಯ ಕಾವಲು ಪಡೆ ತನ್ನದೇ ಕೀಲಿನ ಒಳಪೊರೆಯ ಮೇಲೆ ಬೀಳುವ ಕಾಯಿಲೆ. ಇದನ್ನು ಇನ್ನಷ್ಟು ಖಚಿತವಾಗಿ ಹೇಳುವ ರಕ್ತ ಪರೀಕ್ಷೆ, ಆಂಟಿ ಸಿಸಿಪಿ, ಪಾಸಿಟಿವ್ ಬಂತು. ಆರ್‌ಎ ಟೆಸ್ಟ್ ಕಾಯಿಲೆ ಇದ್ದವರಲ್ಲೂ ನೆಗೆಟಿವ್ ಇರಬಹುದು, ಇಲ್ಲದವರಲ್ಲೂ ಪಾಸಿಟಿವ್ ಬರಬಹುದು. ಇದು ನನಗೆ ಗೊತ್ತಿರಲಿಲ್ಲ ಅಂತಲ್ಲ. ಅವತ್ತು ಕ್ಯೂ ಉದ್ದ ಇತ್ತು, ಅಷ್ಟೇ.

ಆಮೇಲಿನಿಂದ ಬೆಳಗಿನ ಪ್ರಶ್ನೆ ಬಿಟ್ಟಿಲ್ಲ. ತದಡಿ ಕಡೆಯಿಂದ ಒಬ್ಬ ಹುಡುಗ ಬಂದ, 24 ವರ್ಷ, ಬೋಟಿಗೆ ಹೋಗುವವನು. ಸೊಂಟ ನೋವು, ಒಂದು ಮಂಡಿ ಊತ. ಬಲೆ ಎಳೆದು ಹಿಡಿದುಕೊಂಡಿದೆ ಅಂತ ಮನೆಯವರ ತೀರ್ಮಾನ. ಆದರೆ ನೋವು ಜೋರಾದದ್ದು ಯಾವಾಗ? ಜೂನ್ 1ರಿಂದ ಜುಲೈ 31ರವರೆಗೆ, ಮೀನುಗಾರಿಕೆ ನಿಷೇಧದ 61 ದಿನ, ಮನೆಯಲ್ಲಿ ಸುಮ್ನೆ ಕೂತಿದ್ದಾಗ! ನಸುಕಿನ ಮೂರಕ್ಕೆ ಎಚ್ಚರ, ಎದ್ದು ನಾಲ್ಕು ಹೆಜ್ಜೆ ಓಡಾಡಿದರೆ ಹಗುರ. ಕಣ್ಣು ಕೆಂಪಾಗಿ ನೋಯ್ತಿತ್ತಾ ಅಂತ ಕೇಳಿದರೆ, ಹೌದು, ಹೋದ ವರ್ಷ. ಬೆನ್ನೆಲುಬಿನ ಉರಿಯೂತ, ಆಂಕಿಲೋಸಿಂಗ್ ಸ್ಪಾಂಡಿಲೈಟಿಸ್. ಹರೆಯದಲ್ಲೇ ಶುರುವಾಗುತ್ತದೆ, ಕಣ್ಣಿಗೂ ಉರಿಯೂತ ಬರುವುದುಂಟು.

ಭೇದಿ ಆಗಿ ಎರಡು ಮೂರು ವಾರಕ್ಕೆ ಮಂಡಿ ಊದುವುದೂ ಉಂಟು. ಬಿಸಿಲಿಗೆ ಕೆನ್ನೆ ಕೆಂಪಾಗುವುದು, ಬಾಯಿಹುಣ್ಣು, ಕೂದಲು ಉದುರುವುದು ಜೊತೆಗಿದ್ದರೆ ಲೂಪಸ್ ನೆನಪಾಗಬೇಕು, ಕಾವಲು ಪಡೆ ಮೈಯ ಹಲವು ಅಂಗಗಳ ಮೇಲೆ ಬೀಳುವ ಕಾಯಿಲೆ ಅದು. ಕಾಲಿನ ಹೆಬ್ಬೆರಳು ರಾತ್ರೋರಾತ್ರಿ ಊದಿದರೆ ಗೌಟ್, ಅಂದರೆ ಕೀಲಲ್ಲಿ ಯೂರಿಕ್ ಆಸಿಡ್ ಹರಳು ಕೂರುವ ಕಾಯಿಲೆ, ಇರಬಹುದು. ಇವೆಲ್ಲ ಒಂದೆರಡು ದಿನ ಕಾಯಬಲ್ಲವು. ಒಂದೇ ಕೀಲು ಸುಡುತ್ತ ಊದಿ, ಮೇಲೆ ಜ್ವರ ಬಂದರೆ ಮಾತ್ರ ಅವತ್ತೇ ಆಸ್ಪತ್ರೆ. ಒಳಗೆ ಕೀವಾಗಿದ್ದರೆ ಕೆಲವೇ ದಿನಕ್ಕೆ ಕೀಲು ಹಾಳಾಗುತ್ತದೆ. ಎಣ್ಣೆ ತಿಕ್ಕುತ್ತ ಕೂರಬಾರದು.

ಇನ್ನೊಂದು ಸಿಟ್ಟಿನ ವಿಷಯ, ಹೆಸರಿಲ್ಲದ ಪೊಟ್ಟಣದ ಮಾತ್ರೆ. ಮರುದಿನವೇ ಊತ ಇಳಿಯುತ್ತದೆ, ಯಾಕೆಂದರೆ ಎಷ್ಟೋ ಸಲ ಅದರಲ್ಲಿ ಇರುವುದು ಸ್ಟಿರಾಯ್ಡ್. ತಿಂಗಳುಗಟ್ಟಲೆ ನುಂಗಿ ಮುಖ ದುಂಡಗಾಗಿ ಬಂದವರನ್ನು ನೋಡಿದ್ದೇನೆ.

ಆ ಹೆಣ್ಣುಮಗಳನ್ನು ಹುಬ್ಬಳ್ಳಿಯ ಕೀಲುರೋಗ ತಜ್ಞರಿಗೆ ತೋರಿಸಿದೆವು. ಆ ಕಾವಲು ಪಡೆಯನ್ನು ತಣ್ಣಗಾಗಿಸುವ ಮಾತ್ರೆ, ಮೆಥೊಟ್ರೆಕ್ಸೇಟ್, ಶುರುವಾಯಿತು. ವಾರಕ್ಕೆ ಒಂದೇ ದಿನ, ದಿನಾ ನುಂಗಿದರೆ ಪ್ರಾಣಕ್ಕೇ ಅಪಾಯ. ಮಾತ್ರೆ ನಡೆಯುವಷ್ಟು ಕಾಲ ಬಸಿರಾಗುವಂತಿಲ್ಲ, ರಕ್ತ ಪರೀಕ್ಷೆ ತಪ್ಪಿಸುವಂತಿಲ್ಲ. ಯಾವ ದಿನ ಅಂತ ಕೇಳಿದೆ. ಮಂಗಳವಾರ ಅಂದರು, ಮಾರಿಕಾಂಬೆ ಗುಡಿಗೆ ಹೋಗುವ ದಿನ, ಮರೆಯುವ ಪ್ರಶ್ನೆಯೇ ಇಲ್ಲ. ಅಡುಗೆಮನೆಯ ಕ್ಯಾಲೆಂಡರ್‌ನಲ್ಲಿ ಪ್ರತಿ ಮಂಗಳವಾರಕ್ಕೂ ಅತ್ತೆಯೇ ಸುತ್ತು ಹಾಕಿಟ್ಟಿದ್ದಾರಂತೆ.