ಟೇಪ್ ಎನ್‌ಕ್ರಿಪ್ಶನ್ ಕೀ ಸರ್ವರ್: ನಾನು ಹೊಂದಿಸುವ ಕ್ರಮ

ಬ್ಯಾಕಪ್ ಟೇಪ್‌ಗಳನ್ನು ಓದಿ ಬರೆಯುವ ಎಲ್‌ಟಿಓ-4 ಮತ್ತು ಅದರ ನಂತರದ ಡ್ರೈವ್‌ಗಳು 256 ಬಿಟ್ ಎಇಎಸ್ ಎನ್‌ಕ್ರಿಪ್ಶನ್ (ಕೀ ಇಲ್ಲದೆ ಓದಲಾಗದಂತೆ ಮಾಹಿತಿಯನ್ನು ಗೂಢಲಿಪಿಗೆ ತಿರುಗಿಸುವುದು) ಅನ್ನು ತಮ್ಮ ಹಾರ್ಡ್‌ವೇರ್‌ನಲ್ಲೇ ಮಾಡಬಲ್ಲವು. ಕೀ ಮಾತ್ರ ಹೊರಗಿನಿಂದ ಬರಬೇಕು. ಆ ಕೀ ಕೊಡುವ ಸರ್ವರ್ ತಂತ್ರಾಂಶವಾದ ಐಬಿಎಂನ ಎನ್‌ಕ್ರಿಪ್ಶನ್ ಕೀ ಮ್ಯಾನೇಜರ್ ಈಗ ಹಳೆಯದು. ಆದರೆ ಅದರ ಕೀಲಿಯಲ್ಲಿ ಬರೆದ ಟೇಪ್ ಇರುವವರೆಗೆ ಅದನ್ನು ಸರಿಯಾಗಿ ನೋಡಿಕೊಳ್ಳಲೇಬೇಕು.

ಮೊದಲು ಸರ್ವರ್ ನಿಲ್ಲಿಸುತ್ತೇನೆ, ಆಮೇಲೆ ಅದರ ಸೆಟ್ಟಿಂಗ್‌ಗಳಿರುವ ಪ್ರಾಪರ್ಟೀಸ್ ಫೈಲ್ ತೆರೆಯುತ್ತೇನೆ. ಓಡುತ್ತಿರುವಾಗ ತಿದ್ದಿದರೆ, ಸರ್ವರ್ ನಿಲ್ಲುವಾಗ ತನ್ನ ನೆನಪಿನಲ್ಲಿರುವುದನ್ನೇ ಮತ್ತೆ ಬರೆದು ನಮ್ಮ ತಿದ್ದುಪಡಿಯನ್ನು ಅಳಿಸಿಬಿಡುತ್ತದೆ. ವಿಂಡೋಸ್‌ನಲ್ಲೂ ಫೈಲ್ ಹಾದಿಗೆ ಮುಂದಕ್ಕೆ ವಾಲಿದ ಗೆರೆಯನ್ನೇ (/) ಬಳಸಿ. ಹಿಂದಕ್ಕೆ ವಾಲಿದ್ದನ್ನು (\) ಈ ಸರ್ವರ್ ಓಡುವ ಜಾವಾ ಬೇರೆ ಅರ್ಥದಲ್ಲಿ ಓದುತ್ತದೆ, ಕೀಗಳನ್ನಿಟ್ಟ ಫೈಲ್ ಆದ ಕೀಸ್ಟೋರ್ ಸಿಗುವುದಿಲ್ಲ.

ಕೀಸ್ಟೋರ್ ಜಾವಾದ ಜೆಸಿಇಕೆಎಸ್ ಬಗೆಯದು. ಜಾವಾದ ಕೀ ಹುಟ್ಟಿಸುವ ಸಾಧನವಾದ ಕೀಟೂಲ್‌ನಲ್ಲಿ ಅಲಿಯಾಸ್‌ರೇಂಜ್ (ಕೀ ಹೆಸರುಗಳ ಸಾಲು) ಕೊಟ್ಟು ಒಮ್ಮೆಲೇ ಕೀಗಳನ್ನು ಹುಟ್ಟಿಸುತ್ತೇನೆ: ಎಇಎಸ್01ರಿಂದ ಎಫ್‌ಎಫ್‌ವರೆಗೆ (ಹದಿನಾರರ ಎಣಿಕೆಯ ಹೆಕ್ಸ್ ಅಂಕಿಗಳಲ್ಲಿ) ಎಂದರೆ 255 ಕೀ. ಹೀಗೆ ಬರುವ ಹೆಸರಿನಲ್ಲಿ ಮೂರು ಅಕ್ಷರ, ಹದಿನೆಂಟು ಹೆಕ್ಸ್ ಅಂಕಿ, ಒಟ್ಟು 21 ಇರುತ್ತವೆ. ಕೈಯಾರೆ ಹೆಸರಿಡುವುದಾದರೆ 12 ಅಕ್ಷರ ಮೀರಬಾರದು. ಕೀಸ್ಟೋರ್‌ಗೂ ಕೀಗಳಿಗೂ ಒಂದೇ ಪಾಸ್‌ವರ್ಡ್ ಇಡುತ್ತೇನೆ. ಬರೆಯಲು ಯಾವ ಕೀಗಳು ಬಳಕೆಯಾಗಬೇಕೋ ಅವನ್ನು ಪ್ರಾಪರ್ಟೀಸ್ ಫೈಲಿನ ಸಿಮೆಟ್ರಿಕ್‌ಕೀಸೆಟ್ ಸಾಲಿನಲ್ಲಿ ಹೇಳಬೇಕು.

ಡ್ರೈವ್ ಜೊತೆಗಿನ ಮಾತಿಗೆ ಟಿಸಿಪಿ ಪೋರ್ಟ್ 3801. ಗೂಢ ಸಂಪರ್ಕದ ಎಸ್‌ಎಸ್‌ಎಲ್ ಪೋರ್ಟ್ 443 ಆಗಿದ್ದರೆ, ವೆಬ್ ಸರ್ವರ್ ಕೂಡ ಅದನ್ನೇ ಬಳಸುವುದರಿಂದ, ಅದೇ ಯಂತ್ರದಲ್ಲಿ ವೆಬ್ ಸರ್ವರ್ ಇಲ್ಲವೆಂದು ಖಚಿತಪಡಿಸಿಕೊಳ್ಳಿ. ಪಿಂಗ್ (ಯಂತ್ರ ಉತ್ತರಿಸುತ್ತದೆಯೇ ಎಂಬ ಪರೀಕ್ಷೆ) ಹೋಯಿತೆಂದು ಸುಮ್ಮನಾಗಬೇಡಿ, ಫೈರ್‌ವಾಲ್ ಪಿಂಗ್ ಬಿಟ್ಟು 3801 ತಡೆದಿರಬಹುದು.

ಅಪರಿಚಿತ ಡ್ರೈವ್‌ಗಳನ್ನು ಒಪ್ಪುವ ಸೆಟ್ಟಿಂಗ್ ಅನ್ನು ಮೊದಲ ದಿನ ಟ್ರೂ ಇಡುತ್ತೇನೆ. ಎಲ್ಲ ಡ್ರೈವ್‌ಗಳೂ ಒಮ್ಮೆ ಕೀ ಕೇಳಿ ಪಟ್ಟಿಗೆ ಸೇರಿದ ಮೇಲೆ ಫಾಲ್ಸ್. ಮುಂದೆ ಡ್ರೈವ್ ಬದಲಾಗಿ ಸೀರಿಯಲ್ ನಂಬರ್ ಬೇರೆಯಾದರೆ ಅದನ್ನು ಕೈಯಾರೆ ಸೇರಿಸಬೇಕು. ಮರೆತರೆ ಕೀ ಸಿಗದೆ ಆ ರಾತ್ರಿಯ ಬ್ಯಾಕಪ್ ನಿಲ್ಲುತ್ತದೆ.

ಮೊದಲನೆಯದು ನಿಂತರೆ ಕೀ ಕೊಡಲೆಂದು ಇಡುವ ಎರಡನೆಯ ಸರ್ವರ್ ವಿಷಯದಲ್ಲೇ ಹೆಚ್ಚು ಜನ ಎಡವುತ್ತಾರೆ. ಎರಡೂ ಸರ್ವರ್‌ಗಳನ್ನು ಸಮ ಮಾಡುವ ಆದೇಶಕ್ಕೆ ಸಿಂಕ್ ಎಂಬ ಹೆಸರು ಕೇಳಿ ಕೀಗಳೂ ಹೋಗುತ್ತವೆ ಎಂದುಕೊಳ್ಳುವುದು ಸಹಜ. ಅದು ಒಯ್ಯುವುದು ಡ್ರೈವ್ ಪಟ್ಟಿಯನ್ನು ಮತ್ತು ಕಾನ್ಫಿಗ್ (ಪ್ರಾಪರ್ಟೀಸ್ ಫೈಲಿನ ಸೆಟ್ಟಿಂಗ್‌ಗಳು) ಅನ್ನು ಮಾತ್ರ, ಕೀಸ್ಟೋರ್ ಅನ್ನಲ್ಲ. ಫೈಲ್ ಹಾದಿಗಳು ಎರಡು ಯಂತ್ರಗಳಲ್ಲಿ ಬೇರೆಯಾಗಿರಬಹುದಾದ್ದರಿಂದ ನಾನು ಡ್ರೈವ್ ಪಟ್ಟಿಯನ್ನಷ್ಟೇ ಸಿಂಕ್ ಮಾಡುತ್ತೇನೆ. ಹೊಸ ಕೀ ಸೇರಿಸುವಾಗ ಕ್ರಮ ತಪ್ಪಬಾರದು: ಕೀಸ್ಟೋರ್ ಫೈಲನ್ನು ಎರಡೂ ಕಡೆ ನಕಲಿಸಿ, ಎರಡೂ ಸರ್ವರ್‌ಗಳನ್ನು ಮರುಚಾಲನೆ ಮಾಡಿ, ಆಮೇಲೆಯೇ ಹೊಸ ಹೆಸರುಗಳನ್ನು ಸಿಮೆಟ್ರಿಕ್‌ಕೀಸೆಟ್‌ಗೆ ಹಾಕಬೇಕು. ಉಲ್ಟಾ ಮಾಡಿದರೆ ಮೊದಲನೆಯ ಸರ್ವರ್ ಕೊಟ್ಟ ಕೀಲಿಯ ಟೇಪ್ ಎರಡನೆಯದಕ್ಕೆ ತೆರೆಯುವುದಿಲ್ಲ. ಎಲ್‌ಟಿಓ ಟೇಪ್‌ನ ಮೇಲಿರುವುದು ಕೀಲಿಯ ಗುರುತು ಮಾತ್ರ. ಕೀಸ್ಟೋರ್ ಕಳೆದುಹೋದರೆ ಟೇಪ್ ಸುಸ್ಥಿತಿಯಲ್ಲಿದ್ದರೂ ಒಂದು ಬೈಟ್ ಕೂಡ ಮರಳಿ ಬರದು. ಅದಕ್ಕೇ ಕೀಸ್ಟೋರ್ ಬ್ಯಾಕಪ್ ಅನ್ನು ಎಂದಿಗೂ ಅದೇ ಎನ್‌ಕ್ರಿಪ್ಟ್ ಆದ ಟೇಪ್‌ಗಳಿಗೆ ಬರೆಯುವುದಿಲ್ಲ. ಪಾಸ್‌ವರ್ಡ್ ಇನ್ನೊಂದು ಜಾಗದಲ್ಲಿರಬೇಕು.

ಪರೀಕ್ಷೆಗೆ ಬರೆದು ಅಲ್ಲಿಯೇ ಓದಿದರೆ ಏನೂ ಸಾಬೀತಾಗದು. ಟೇಪ್ ಒಳಗಿರುವ ತನಕ ಡ್ರೈವ್ ಬಳಿ ಕೀ ಇದ್ದೇ ಇರುತ್ತದೆ, ಸರ್ವರ್ ಸತ್ತಿದ್ದರೂ ಓದು ನಡೆಯುತ್ತದೆ. ಹಾಗಾಗಿ ಟೇಪ್ ಹೊರತೆಗೆದು, ಮೊದಲ ಸರ್ವರ್ ನಿಲ್ಲಿಸಿ, ಬೇರೊಂದು ಡ್ರೈವ್‌ಗೆ ಹಾಕಿ ಓದುತ್ತೇನೆ. ಡ್ರೈವ್‌ನ ದೋಷ ಸಂಕೇತಗಳಾಗಿ ಸೆನ್ಸ್ ಕೀ 7, ಎಎಸ್‌ಸಿ 74 ಬಂದರೆ ಟೇಪ್ ಕೆಟ್ಟಿದೆಯೆಂದು ಎಸೆಯಬೇಡಿ. 74 ಎನ್ನುವುದು ಎನ್‌ಕ್ರಿಪ್ಶನ್‌ಗೆ ಸಂಬಂಧಿಸಿದ ದೋಷ; ಎರಡನೆಯ ಸರ್ವರ್‌ನ ಕೀಸ್ಟೋರ್‌ನಲ್ಲಿ ಆ ಟೇಪ್‌ನ ಕೀಲಿಯ ಅಲಿಯಾಸ್ (ಹೆಸರು) ಇದೆಯೇ ಎಂದು ಕೀಟೂಲ್‌ನ ಲಿಸ್ಟ್ ಆದೇಶದಿಂದ ಮೊದಲು ನೋಡಿ.