ಲೇಖಕರ ಪಟ್ಟಿ: ಪ್ರೋಟೋಕಾಲ್ ಬರೆಯುವ ದಿನವೇ ಮಾಡಬೇಕಾದ ಕೆಲಸ

ವೈದ್ಯಕೀಯ ಸಂಶೋಧನಾ ಪ್ರಬಂಧದಲ್ಲಿ ಯಾರ ಹೆಸರು ಬರಬೇಕು, ಯಾವ ಕ್ರಮದಲ್ಲಿ ಬರಬೇಕು ಎಂಬ ಮಾತನ್ನು ನಾನು ಪ್ರೋಟೋಕಾಲ್, ಅಂದರೆ ಅಧ್ಯಯನದ ಲಿಖಿತ ಯೋಜನೆ, ಬರೆಯುವ ದಿನವೇ ಎತ್ತುತ್ತೇನೆ. ಪ್ರಬಂಧ ಮುಗಿದ ಮೇಲೆ ಎತ್ತಿದರೆ ಹುದ್ದೆಯಲ್ಲಿ ಮೇಲಿರುವವರು ಹೇಳಿದ್ದೇ ಪಟ್ಟಿಯಾಗುತ್ತದೆ. ಅಷ್ಟು ಹೊತ್ತಿಗೆ ಕೇಸ್ ಶೀಟುಗಳನ್ನೆಲ್ಲ ಕೂತು ಓದಿದ ಪಿಜಿ ವಿದ್ಯಾರ್ಥಿ ಕೋರ್ಸ್ ಮುಗಿಸಿ ಹೊರಟುಹೋಗಿರುತ್ತಾರೆ.

ಒಂದು ಹಾಳೆ ಸಾಕು. ಅಡ್ಡಕ್ಕೆ ಹೆಸರುಗಳು, ಉದ್ದಕ್ಕೆ ಕ್ರೆಡಿಟ್ (CRediT, ಸಂಶೋಧನೆಯಲ್ಲಿ ಯಾರು ಯಾವ ಕೆಲಸ ಮಾಡಿದರೆಂದು ಗುರುತಿಸುವ) ವರ್ಗೀಕರಣದ 14 ಪಾತ್ರಗಳು: ಪರಿಕಲ್ಪನೆ, ವಿಧಾನ, ದತ್ತಾಂಶ ಸಂಗ್ರಹ, ವಿಶ್ಲೇಷಣೆ, ಮೊದಲ ಕರಡು ಹೀಗೆ. ಪ್ರತಿ ಚೌಕದಲ್ಲಿ ಮುಖ್ಯ, ಸಮಾನ ಅಥವಾ ಸಹಾಯಕ ಎಂದು ಬರೆದು ದಿನಾಂಕ ಹಾಕುತ್ತೇನೆ. ಕೆಲಸ ಕೈ ಬದಲಾದಾಗ ಹಳೆಯದನ್ನು ಅಳಿಸುವುದಿಲ್ಲ, ಹೊಸ ಪ್ರತಿ ಮಾಡುತ್ತೇನೆ.

ಇಲ್ಲಿ ಹಲವರು ಎಡವುತ್ತಾರೆ. ಆ 14ರಲ್ಲಿ ಅನುದಾನ ತರುವುದು, ಮೇಲ್ವಿಚಾರಣೆ, ಸಂಪನ್ಮೂಲ ಒದಗಿಸುವುದು ಕೂಡ ಇವೆ. ಆದರೆ ಒಂದು ಚೌಕ ತುಂಬಿದ ಮಾತ್ರಕ್ಕೆ ಲೇಖಕರಾಗುವುದಿಲ್ಲ. ಲೇಖಕರು ಯಾರು ಎಂಬುದಕ್ಕೆ ಅಳತೆಗೋಲು ವೈದ್ಯಕೀಯ ಪತ್ರಿಕೆಗಳ ಸಂಪಾದಕರ ಅಂತರರಾಷ್ಟ್ರೀಯ ಸಮಿತಿ, ಅಂದರೆ ಐಸಿಎಂಜೆಇ ಹೇಳುವ ನಾಲ್ಕು ಷರತ್ತುಗಳು. ಅಧ್ಯಯನದ ರೂಪಣೆಯಲ್ಲೋ ದತ್ತಾಂಶದ ಸಂಗ್ರಹ, ವಿಶ್ಲೇಷಣೆ, ವ್ಯಾಖ್ಯಾನದಲ್ಲೋ ಗಣನೀಯ ಕೊಡುಗೆ. ಕರಡು ಬರೆಯುವುದು ಅಥವಾ ವಿಮರ್ಶಾತ್ಮಕವಾಗಿ ತಿದ್ದುವುದು. ಅಂತಿಮ ಪ್ರತಿಗೆ ಒಪ್ಪಿಗೆ. ಇಡೀ ಕೆಲಸಕ್ಕೆ ಉತ್ತರದಾಯಿಯಾಗುವುದು. ನಾಲ್ಕನೆಯದು ಸೇರಿದ್ದು 2013ರಲ್ಲಿ. ನಾಲ್ಕೂ ಬೇಕು. ಅನುದಾನ ತಂದದ್ದು, ವಿಭಾಗ ನಡೆಸಿದ್ದು, ಭಾಷೆ ತಿದ್ದಿದ್ದು ಇವಷ್ಟೇ ಆದರೆ ಸಾಲದು.

ಇದೇ ನಿಯಮವನ್ನು ಕಿರಿಯರ ವಿರುದ್ಧ ತಿರುಗಿಸುವುದು ನನ್ನ ಮಟ್ಟಿಗೆ ಅತಿ ಕೆಟ್ಟ ಅನ್ಯಾಯ. ಕರಡನ್ನೇ ಕಳಿಸದೆ ಇದ್ದು, ಆಮೇಲೆ ‘ಅವರು ಕರಡು ತಿದ್ದಲಿಲ್ಲ, ಎರಡನೆಯ ಷರತ್ತು ಪೂರೈಸಿಲ್ಲ’ ಎನ್ನುವುದು. ಮೊದಲ ಷರತ್ತು ಪೂರೈಸಿದ ಪ್ರತಿಯೊಬ್ಬರಿಗೂ ಉಳಿದವನ್ನು ಪೂರೈಸುವ ಅವಕಾಶ ಕೊಡಲೇಬೇಕೆಂದು ಐಸಿಎಂಜೆಇ ಸ್ಪಷ್ಟವಾಗಿ ಹೇಳುತ್ತದೆ. ಹಾಗಾಗಿ ಕರಡನ್ನು ಎಲ್ಲರಿಗೂ ಒಂದೇ ದಿನ ಕಳಿಸಿ 14 ದಿನ ಗಡುವು ಕೊಡುತ್ತೇನೆ, ಹತ್ತನೆಯ ದಿನ ನೆನಪಿಸುತ್ತೇನೆ. ‘ನೋಡಿ ತಿಳಿಸಿ’ ಎಂದು ಬರೆಯುವುದಿಲ್ಲ. ಹಾಗೆ ಬರೆದರೆ ‘ಚೆನ್ನಾಗಿದೆ ಸರ್’ ಎಂದಷ್ಟೇ ಉತ್ತರ ಬರುತ್ತದೆ, ಅದು ತಿದ್ದುಪಡಿಯಲ್ಲ. ಒಬ್ಬೊಬ್ಬರಿಗೂ ಅವರು ಮಾಡಿದ ಕೆಲಸದ ಪ್ರಶ್ನೆ ಕೇಳುತ್ತೇನೆ: ಅಧ್ಯಯನದಿಂದ ಹೊರಗಿಟ್ಟ ರೋಗಿಗಳ ಸಂಖ್ಯೆಗೆ ಕೊಟ್ಟ ಕಾರಣ ಸರಿಯೇ? ಎರಡನೆಯ ಕೋಷ್ಟಕದ ಮೊತ್ತ ರಿಜಿಸ್ಟರಿಗೆ ತಾಳೆಯಾಗುತ್ತದೆಯೇ? ಮೌನವನ್ನು ಸಮ್ಮತಿ ಎಂದು ಎಣಿಸುವುದಿಲ್ಲ. ಅಂತಿಮ ಒಪ್ಪಿಗೆ ಅವರವರ ಸ್ವಂತ ಈಮೇಲಿನಿಂದಲೇ ಬರಬೇಕು.

ಸಂಖ್ಯಾಶಾಸ್ತ್ರಜ್ಞರ ವಿಷಯದಲ್ಲಿ ಹೀಗೆ ನಿರ್ಧರಿಸುತ್ತೇನೆ: ಹೇಳಿದ ಸಂಖ್ಯಾಶಾಸ್ತ್ರೀಯ ಪರೀಕ್ಷೆ ಓಡಿಸಿ ಅದರ ಫಲಿತಾಂಶದ ಅಂಕಿಯಾದ ಪಿ ಮೌಲ್ಯವನ್ನಷ್ಟೇ ಕೊಟ್ಟರೆ ಪ್ರಬಂಧದ ಕೊನೆಯ ಕೃತಜ್ಞತೆಯಲ್ಲಿ ಹೆಸರು. ವಿಶ್ಲೇಷಣೆಗೆ ಯಾವ ಸಂಖ್ಯಾಶಾಸ್ತ್ರೀಯ ಮಾದರಿ (ಮಾಡೆಲ್) ಸೂಕ್ತ, ಬಿಟ್ಟುಹೋದ ದತ್ತಾಂಶವನ್ನು ಹೇಗೆ ನಿಭಾಯಿಸಬೇಕು, ಈ ಫಲಿತಾಂಶದಿಂದ ಎಷ್ಟು ಹೇಳಬಹುದು ಎಂದು ತೀರ್ಮಾನಿಸಿದವರು ಲೇಖಕರೇ. ಕಂಪನಿ ಹಣ ಕೊಟ್ಟು ಬರೆಸಿದ ವೃತ್ತಿಪರ ಬರಹಗಾರರಿದ್ದರೆ ಅವರ ಹೆಸರನ್ನೂ ಹಣ ಕೊಟ್ಟವರ ಹೆಸರನ್ನೂ ಮುಚ್ಚಿಡಬಾರದು. ಚಾಟ್‌ಬಾಟ್‌ಗಳು ಲೇಖಕರಾಗಲಾರವು, ಬಳಸಿದ್ದರೆ ಎಲ್ಲಿ, ಹೇಗೆ ಎಂದು ಪ್ರಬಂಧದಲ್ಲಿ ತಿಳಿಸಬೇಕು.

ವಿಭಾಗದ ಮುಖ್ಯಸ್ಥರ ಹೆಸರು ‘ಹಾಗೇ ಒಂದು ಇರಲಿ’ ಎಂಬ ಒತ್ತಡ ಬಂದಾಗ ವಾದಕ್ಕಿಳಿಯುವುದಿಲ್ಲ. ಹಾಳೆಯನ್ನು ಮುಂದಿಟ್ಟು, ‘ಸರ್, ನಾಳೆ ಸಂಪಾದಕರಿಂದ ದತ್ತಾಂಶದ ಬಗ್ಗೆ ಪ್ರಶ್ನೆ ಬಂದರೆ ಯಾವ ಭಾಗಕ್ಕೆ ತಾವು ಉತ್ತರಿಸುತ್ತೀರಿ?’ ಎಂದು ವಿನಯದಿಂದಲೇ ಕೇಳುತ್ತೇನೆ. ಕೃತಜ್ಞತೆಯಲ್ಲಿ ‘ಸಾಮಾನ್ಯ ಮೇಲ್ವಿಚಾರಣೆ’ ಎಂದು ನಮೂದಿಸುವ ವಾಕ್ಯವನ್ನೂ ಮೊದಲೇ ಬರೆದುಕೊಂಡು ಹೋಗಿರುತ್ತೇನೆ. ಅದಕ್ಕೂ ಲಿಖಿತ ಅನುಮತಿ ಪಡೆಯುವುದು ಒಳ್ಳೆಯದು: ಅಲ್ಲಿ ಹೆಸರಿದ್ದವರು ಇಡೀ ಫಲಿತಾಂಶವನ್ನು ಅನುಮೋದಿಸಿದ್ದಾರೆಂದು ಓದುಗರು ಭಾವಿಸಬಹುದು.

ಹೆಸರುಗಳ ಕ್ರಮವನ್ನು ತಂಡವೇ ತೀರ್ಮಾನಿಸಬೇಕು. ಸಂಪಾದಕರು ಅದಕ್ಕೆ ಕೈಹಾಕುವುದಿಲ್ಲ. ಸಲ್ಲಿಸಿದ ಮೇಲೆ ಹೆಸರು ಸೇರಿಸಬೇಕಾದರೆ ಅಥವಾ ತೆಗೆಯಬೇಕಾದರೆ ಕಾರಣದೊಂದಿಗೆ ಎಲ್ಲ ಲೇಖಕರ ಸಹಿ ಬೇಕು, ತೆಗೆಯಲಾಗುವವರದ್ದೂ ಸೇರಿ. ಜಗಳ ತೀರದಿದ್ದರೆ ಪತ್ರಿಕೆ ಅದನ್ನು ಸಂಸ್ಥೆಗೆ ಒಪ್ಪಿಸುತ್ತದೆ, ಪ್ರಬಂಧ ಅಲ್ಲೇ ನಿಲ್ಲುತ್ತದೆ.

ಹಾಳೆಯ ಕೊನೆಯ ಎರಡು ಸಾಲುಗಳು ಸಂಸ್ಥೆಗೆ ಸೇರದ ಸ್ವಂತ ಈಮೇಲ್ ವಿಳಾಸಕ್ಕೆ ಮತ್ತು ಸಂಶೋಧಕರನ್ನು ಗುರುತಿಸುವ 16 ಅಂಕಿಯ ಆರ್ಕಿಡ್ (ORCID) ಸಂಖ್ಯೆಗೆ ಮೀಸಲು. ಕಾಲೇಜಿನ ಈಮೇಲ್ ಕೋರ್ಸ್ ಮುಗಿದೊಡನೆ ಮುಚ್ಚಿಹೋದರೂ ಆ ವಿದ್ಯಾರ್ಥಿಗೆ ಕರಡು ತಲುಪುವುದು ಈ ಸಾಲಿನಿಂದ.